ಲೋಕದ ಸಂತೆಯೂ ನಮ್ಮ ಪೌರತ್ವವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂದಿನ ಸಭೆಯಲ್ಲಿ ಪೌರತ್ವವೆಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಮಠದ ಮಹೋತ್ಸವದಲ್ಲಿ ಕಾಯಿದೆ ಕಟ್ಟಳೆಗಳ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಇಲ್ಲಿ ನೆರೆದಿರುವ ಮನೆತನಗಳಲ್ಲಿ ಒಬ್ಬ ಮಗನು ತೊಗರಿಯ ಹೊಲದಲ್ಲಿಯೂ, ಮತ್ತೊಬ್ಬನು ಪುಣೆಯಲ್ಲಿಯೂ, ಮಗಳು ಸಮುದ್ರದಾಚೆಯ ದೇಶದಲ್ಲಿಯೂ ಇರುವುದು ಈಗ ಅಪರೂಪದ ಸಂಗತಿಯಲ್ಲ. ಒಂದೇ ತಾಯಿಯ ಈ ಮೂವರು ಮಕ್ಕಳು ಮೂರು ಬಗೆಯ ಪೌರರಾಗಿರುವರು. ಹೀಗಿರಲಾಗಿ ವಿಷಯವು ನಮ್ಮ ಹೊಸ್ತಿಲೊಳಗಿನದೇ ಸರಿ.

ಮೊದಲು ಶಬ್ದಗಳನ್ನೇ ನೋಡೋಣ. ಪುರಕ್ಕೆ ಸೇರಿದವನು ಪೌರ. ನಗರಕ್ಕೆ ಸೇರಿದವನು ನಾಗರಿಕ. ಅರ್ಥಾತ್ ನೀನು ಯಾವ ಊರಿನವನು ಎಂಬ ಪ್ರಶ್ನೆಗೆ ಕೊಡುವ ಉತ್ತರವೇ ಈ ಎರಡು ಶಬ್ದಗಳ ಬೇರು. ನಮ್ಮ ಸೀಮೆಯಲ್ಲಿ ಇವಕ್ಕಿಂತ ಹೆಚ್ಚು ಬಳಕೆಯಲ್ಲಿದ್ದ ಶಬ್ದಗಳು ಬೇರೆ ಎರಡುಂಟು. ಒಂದು 'ರಯತ' ಅಥವಾ ರೈತ. ಅರಬ್ಬಿಯಿಂದ ಬಂದ ಈ ಮಾತಿಗೆ ಮೂಲದಲ್ಲಿ ಕಾಯಲ್ಪಡುವ ಮಂದೆ, ಪ್ರಜೆ ಎಂದರ್ಥ. ಒಕ್ಕಲುತನದ ಅರ್ಥವು ಆಮೇಲೆ ಕೂಡಿತು. ಇನ್ನೊಂದು 'ಮುಲ್ಕಿ'. ಮುಲ್ಕೆಂದರೆ ನಾಡು, ನಾಡಿನವನೇ ಮುಲ್ಕಿ. ಕಾಯಲ್ಪಡುವವನು ರಯತ, ಹಕ್ಕುಳ್ಳವನು ಮುಲ್ಕಿ. ಈ ಎರಡು ಶಬ್ದಗಳ ನಡುವಿನ ದೂರವನ್ನು ನಮ್ಮ ಹಿರಿಯರು ಒಂದೇ ತಲೆಮಾರಿನಲ್ಲಿ ದಾಟಿಬಂದರೆಂಬುದನ್ನು ಮರೆಯಬಾರದು.

ಕಮಲಾಪುರದಲ್ಲಿ 1930ರ ಸುಮಾರಿಗೆ ಹುಟ್ಟಿದ ಒಬ್ಬ ಹಿರಿಯರನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಅವರು ಹುಟ್ಟಿದಾಗ ಹೈದರಾಬಾದು ನಿಜಾಮರ ಪ್ರಜೆ. ಕೈಯಲ್ಲಿ ಹಾಲಿ ಸಿಕ್ಕಾ, ಗಡಿಯಲ್ಲಿ ಕರೋಡಗಿರಿಯ ನಾಕೆ, ಕಚೇರಿಯಲ್ಲಿ ಉರ್ದು. ಸೊಲ್ಲಾಪುರವು ಅವರಿಗೆ ನೆರೆಯ ಊರಾಗಿದ್ದರೂ ಬೇರೊಂದು ಆಡಳಿತದ ಸೀಮೆ. 1948ನೆಯ ಸಪ್ಟೆಂಬರ 17ರಂದು ಆ ಸಂಸ್ಥಾನವು ಭಾರತದ ಸೇನೆಗೆ ಶರಣಾಯಿತು. 1950ನೆಯ ಜನವರಿ 26ರಂದು ಅವರು ಭಾರತದ ಪೌರರಾದರು, ಹೈದರಾಬಾದು ರಾಜ್ಯದವರಾಗಿಯೇ ಉಳಿದರು. 1956ನೆಯ ನವೆಂಬರ 1ರಂದು ಮೈಸೂರು ರಾಜ್ಯದವರಾದರು. 1973ರಲ್ಲಿ ಆ ರಾಜ್ಯವು ಕರ್ನಾಟಕವಾಯಿತು. 2014ರಲ್ಲಿ ಗುಲಬರ್ಗಾ ಎಂಬ ಹೆಸರು ಹೋಗಿ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದು ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಆ ಹಿರಿಯರು ತಮ್ಮ ಮನೆಯ ಕಟ್ಟೆಯನ್ನು ಬಿಟ್ಟು ಕದಲಲಿಲ್ಲ. ಗಡಿಗಳೇ ಅವರ ಮೇಲೆ ಹಾಯ್ದುಹೋದವು! ಈ ಕಾಲದಲ್ಲಿಯಾದರೋ ಗಡಿಗಳು ಹೆಚ್ಚಾಗಿ ನಿಂತಲ್ಲಿಯೇ ನಿಂತಿವೆ, ಮನುಷ್ಯರೂ ಸರಕೂ ಹಣವೂ ಅವುಗಳನ್ನು ದಾಟಿ ಹರಿಯುತ್ತಿವೆ. ಇದನ್ನೇ ಜಾಗತೀಕರಣವೆನ್ನುವರು.

ಆದರೆ ಹೊರಗಿನವರಾರು ಒಳಗಿನವರಾರು ಎಂಬ ತಗಾದೆಯು ಈ ಕಾಲದಲ್ಲಿ ಹುಟ್ಟಿದುದಲ್ಲ. ಅದಕ್ಕೆ ಕಲಬುರಗಿಯೇ ಹಳೆಯ ಸಾಕ್ಷಿ. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಈ ನಗರವು ರಾಜಧಾನಿಯಾಯಿತು. ಇರಾಣ ಅರಬಸ್ಥಾನಗಳಿಂದ ಬಂದ ಸಿಪಾಯಿಗಳೂ ವ್ಯಾಪಾರಿಗಳೂ ವಿದ್ವಾಂಸರೂ ಆ ರಾಜ್ಯದಲ್ಲಿ ದೊಡ್ಡ ಅಧಿಕಾರಗಳನ್ನು ಪಡೆದರು. ಅವರನ್ನು ಆಫಾಕಿಗಳೆಂದರು. ಹಿಂದಿನಿಂದ ಇಲ್ಲಿಯೇ ನೆಲೆಸಿದ್ದವರು ದಖನಿಗಳೆನಿಸಿದರು. ಈ ಎರಡು ಪಕ್ಷಗಳ ವೈರವು ರಾಜಧಾನಿಯು ಬೀದರಿಗೆ ಹೋದ ಬಳಿಕ ಇನ್ನಷ್ಟು ಬಲಿಯಿತು. ಇರಾಣದ ಗಿಲಾನ ಪ್ರಾಂತದಿಂದ ಬಂದು ಮಂತ್ರಿಪದವಿಗೇರಿ ಬೀದರಿನಲ್ಲಿ ಮದರಸವನ್ನು ಕಟ್ಟಿಸಿದ ಮಹಮೂದ ಗವಾನನು ಆ ವೈರಕ್ಕೆ 1481ರಲ್ಲಿ ತಲೆಗೊಟ್ಟನು. ಅವನನ್ನು ಕೊಲ್ಲಿಸಿದ ರಾಜ್ಯವು ಆಮೇಲೆ ಬಹುಕಾಲ ಒಂದಾಗಿ ಉಳಿಯಲಿಲ್ಲ.

ನಿಜಾಮರ ಕಾಲದಲ್ಲಿ ಇದೇ ತಗಾದೆಯು ಕಾಗದದ ರೂಪವನ್ನು ತಾಳಿತು. ಉತ್ತರ ಹಿಂದುಸ್ಥಾನದಿಂದ ಬಂದವರೇ ಸರಕಾರೀ ನೌಕರಿಗಳನ್ನು ತುಂಬಿಕೊಳ್ಳುವರೆಂಬ ಅಸಮಾಧಾನವು ಬೆಳೆದು, ಮುಲ್ಕಿಗಳಿಗೇ ನೌಕರಿ ಎಂಬ ಕಟ್ಟಳೆಯಾಯಿತು. 1919ರ ಫರ್ಮಾನಿನಂತೆ ಹೊರಗಿನಿಂದ ಬಂದವನು ಮುಲ್ಕಿ ಎನಿಸಬೇಕಾದರೆ 15 ವರ್ಷ ಇಲ್ಲಿ ನೆಲೆಸಿರಬೇಕಾಗಿತ್ತು. ಈಗ ಸಂವಿಧಾನದ 371(ಜೆ) ಅನುಚ್ಛೇದವುಂಟು. 98ನೆಯ ತಿದ್ದುಪಡಿಯಿಂದ ಅದು ಸೇರಿ, 2013ನೆಯ ಅಕ್ಟೋಬರ 1ರಿಂದ ಜಾರಿಗೆ ಬಂದಿತು. ಹುಟ್ಟಿನಿಂದಾಗಲಿ ವಾಸದಿಂದಾಗಲಿ ಈ ಪ್ರದೇಶಕ್ಕೆ ಸೇರಿದವರಿಗೆ ಇಲ್ಲಿಯ ವಿದ್ಯಾಲಯಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ವಿದ್ಯಾಲಯಗಳಲ್ಲಿ ನೂರಕ್ಕೆ 8 ಸ್ಥಾನಗಳು ಮೀಸಲು. ಬಹುಕಾಲ ಹಿಂದೆ ಬಿದ್ದ ಸೀಮೆಗೆ ಇದು ನ್ಯಾಯವೆಂದೇ ನಾನು ತಿಳಿದಿದ್ದೇನೆ. ಈ ಸೀಮೆಯ ಎಷ್ಟೋ ಬಡ ಮಕ್ಕಳು ಇದರಿಂದ ವೈದ್ಯರೂ ಇಂಜಿನಿಯರರೂ ಆಗುತ್ತಿರುವರು. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಇಡೀ ಭಾರತಕ್ಕೆ ಒಂದೇ ಪೌರತ್ವವೆಂದು ಸಂವಿಧಾನವು ಸಾರಿದ ಮೇಲೆಯೂ ಆ ಒಂದರೊಳಗೆ ಊರಿನ ಹಕ್ಕೆಂಬುದು ಅಳಿಯಲಿಲ್ಲ. ಜಗತ್ತು ಒಂದಾಗುತ್ತಿದೆ ಎನ್ನುವ ಈ ದಿನಗಳಲ್ಲಿಯೇ ಅದು ಸಂವಿಧಾನದೊಳಗೆ ಹೊಸದಾಗಿ ಬರೆಯಲ್ಪಟ್ಟಿತು. ಇದರಲ್ಲಿ ವಿರೋಧವಿಲ್ಲ. ಗಾಳಿ ಹೆಚ್ಚಾದಾಗ ಮನುಷ್ಯನು ಹೊದಿಕೆಯನ್ನು ಬಿಗಿಯಾಗಿ ಎಳೆದುಕೊಳ್ಳುವನಲ್ಲವೆ?

ಇನ್ನು ನಮ್ಮ ತೊಗರಿಯ ಸಂಗತಿಗೆ ಬರುತ್ತೇನೆ. ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಲು ತಮ್ಮ ಅಪ್ಪಣೆಯನ್ನು ಬೇಡುವೆನು.

2015ರಲ್ಲಿ ತೊಗರಿಬೇಳೆಯು ನಗರಗಳಲ್ಲಿ ಕಿಲೋ ಒಂದಕ್ಕೆ 200 ರೂಪಾಯಿಯ ಹತ್ತಿರಕ್ಕೆ ಏರಿದ್ದು ತಮಗೆಲ್ಲ ನೆನಪಿರಬಹುದು. ಕೊಳ್ಳುವವರ ಕೂಗಿಗೆ ಸರಕಾರವು ಓಗೊಡಲೇಬೇಕಾಯಿತು. 2016ನೆಯ ಜುಲೈಯಲ್ಲಿ ಆಫ್ರಿಕದ ಮೊಜಾಂಬಿಕ್ ದೇಶದೊಡನೆ ಒಂದು ಒಡಂಬಡಿಕೆಯಾಯಿತು. ಮೊದಲ ವರ್ಷ ಒಂದು ಲಕ್ಷ ಟನ್ನಿನಿಂದ ತೊಡಗಿ, 2020-21ಕ್ಕೆ ಎರಡು ಲಕ್ಷ ಟನ್ನಿನ ವರೆಗೆ ಬೇಳೆಕಾಳನ್ನು ಅಲ್ಲಿಂದ ತರಿಸುವುದೆಂದು ನಿಶ್ಚಯವಾಯಿತು. ಅದೇ ವರ್ಷ ಮಳೆರಾಯನು ನಮ್ಮ ಮೇಲೆ ಪ್ರಸನ್ನನಾದನು. ಹಿಂದಿನ ಬೆಲೆಯನ್ನು ಕಂಡ ಒಕ್ಕಲಿಗರು ಕಂಡಕಂಡಲ್ಲಿ ತೊಗರಿಯನ್ನೇ ಬಿತ್ತಿದ್ದರು. ಬೆಳೆ ಉಕ್ಕಿ ಬಂದಿತು, ಬೆಲೆ ಕುಸಿದು ಬಿದ್ದಿತು. ಬೆಂಬಲ ಬೆಲೆಯ ಕೇಂದ್ರಗಳ ಮುಂದೆ ಚೀಲಗಳೊಡನೆ ಸಾಲುಗಟ್ಟಿ ನಿಂತವರು ಈ ಸಭೆಯಲ್ಲಿಯೂ ಇರಬಹುದು.

ಇಷ್ಟರ ವರೆಗಿನ ಕಥೆಯನ್ನು ನಾವೆಲ್ಲರೂ ಹೇಳುತ್ತೇವೆ. ಅದರ ಉತ್ತರಾರ್ಧವನ್ನು ಹೇಳುವವರು ಕಡಿಮೆ. 2017ನೆಯ ಆಗಸ್ಟಿನಲ್ಲಿ, ನಮ್ಮ ಒಕ್ಕಲಿಗರ ಸಂಕಟವನ್ನು ಕಂಡು, ದಿಲ್ಲಿಯ ಸರಕಾರವು ತೊಗರಿಯ ಆಮದಿಗೆ ವರ್ಷಕ್ಕೆ ಎರಡು ಲಕ್ಷ ಟನ್ನಿನ ಮಿತಿಯನ್ನು ಹಾಕಿತು. ಭಾರತವು ಕೊಳ್ಳುವುದೆಂದು ನಂಬಿ ತೊಗರಿಯನ್ನು ಬಿತ್ತಿದ್ದ ಮೊಜಾಂಬಿಕಿನ ಸಣ್ಣ ಒಕ್ಕಲಿಗರ ಪಾಡೇನಾಯಿತು? ಅವರು ತೊಗರಿಯನ್ನು ಬೆಳೆಯುವುದು ಬಹುಮಟ್ಟಿಗೆ ನಮಗಾಗಿಯೇ. ಅಲ್ಲಿಯ ಬೆಲೆಯೂ ನೆಲ ಕಚ್ಚಿತು. ಅವರ ಬೆಳೆಗೆ ಬೆಲೆ ಕಟ್ಟಿದವರು ದಿಲ್ಲಿಯ ಮಂತ್ರಿಗಳು, ಆ ಮಂತ್ರಿಗಳನ್ನು ಆರಿಸುವ ಓಟು ಅವರಿಗಿಲ್ಲ. 2021ನೆಯ ಮೇ ತಿಂಗಳಲ್ಲಿ ಆಮದಿನ ಬಾಗಿಲನ್ನು ಪುನಃ ತೆರೆಯಲಾಯಿತು. ಆಗ ಚಿಂತೆಯು ನಮ್ಮ ಪಾಲಿಗೆ ಬಂದಿತು.

ನಮ್ಮ ಒಕ್ಕಲಿಗನಿಗೆ ಓಟುಂಟು. ಆದರೆ ಮುಂಬಯಿ ದಿಲ್ಲಿಗಳಲ್ಲಿ ಬೇಳೆ ಕೊಳ್ಳುವವರ ಓಟುಗಳು ಅವನ ಓಟಿಗಿಂತ ಬಹಳ ಹೆಚ್ಚು. ಅಲ್ಲಿಯವನಿಗಾದರೋ ಅಷ್ಟೂ ಇಲ್ಲ. ನನ್ನ ಮೇಲೆ ಹೊರಿಸುವ ನಿರ್ಣಯದಲ್ಲಿ ನನ್ನದೂ ಒಂದು ಮಾತಿರಬೇಕು ಎಂಬುದೇ ಪೌರತ್ವದ ಜೀವಾಳ. ಅದೇ ರಯತನಿಗೂ ಪೌರನಿಗೂ ಇರುವ ಭೇದ. ಈಗ ನಿರ್ಣಯಗಳು ಹಡಗನ್ನೇರಿ ಸಮುದ್ರವನ್ನು ದಾಟುತ್ತಿವೆ, ಮಾತು ಮಾತ್ರ ದಡದಲ್ಲಿಯೇ ಉಳಿದಿದೆ. ಆದುದರಿಂದ ಕಮಲಾಪುರದವನೂ ಮೊಜಾಂಬಿಕಿನವನೂ, ತಂತಮ್ಮ ದೇಶಗಳ ಪೂರ್ಣ ಪೌರರಾಗಿದ್ದುಕೊಂಡೇ, ಲೋಕದ ಸಂತೆಯಲ್ಲಿ ಹಳೆಯ ಅರ್ಥದ ರಯತರಾಗಿಬಿಟ್ಟಿದ್ದಾರೆ. ಅವರಿಬ್ಬರೂ ಒಬ್ಬರಿಗೊಬ್ಬರು ವೈರಿಗಳೆಂದು ಬಗೆಯುವುದು ಬಹಳ ಸುಲಭ. ನನಗೆ ಅದು ಸರಿತೋರದು.

ನೆಲದ ಮೇಲಿನ ಬೆಳೆಯಂತೆಯೇ ನೆಲದೊಳಗಿನ ಕಲ್ಲೂ. ನಮ್ಮ ಜಿಲ್ಲೆಯ ಸುಣ್ಣದಕಲ್ಲಿನಿಂದ ಸಿಮೆಂಟು ಮಾಡುವ ವಾಡಿಯ ದೊಡ್ಡ ಕಾರ್ಖಾನೆಯು ಏ.ಸಿ.ಸಿ. ಕಂಪನಿಯದು. 2005ರಲ್ಲಿ ಆ ಕಂಪನಿಯ ಹಿಡಿತವು ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಸಂಸ್ಥೆಯ ಕೈಗೆ ಹೋಯಿತು. 2022ರಲ್ಲಿ ಅವರು ಅದನ್ನು ಅದಾನಿ ಸಮೂಹಕ್ಕೆ ಮಾರಿದರು. ಎರಡು ಸಲವೂ ವಾಡಿಯ ಜನರನ್ನು ಕೇಳಬೇಕಾದ ಪ್ರಸಂಗವು ಯಾರಿಗೂ ಬರಲಿಲ್ಲ. ಶೇರು ಇದ್ದವನಿಗೆ ಮಾತುಂಟು, ಊರು ಇದ್ದವನಿಗೆ ಇಲ್ಲ. ಇನ್ನೊಂದು ವಿನೋದವನ್ನು ನೋಡಿರಿ. ಜಗದ್ವ್ಯಾಪಾರದ ಒಪ್ಪಂದಗಳ ಫಲವಾಗಿ ನಮ್ಮ ದೇಶದಲ್ಲಿ 1999ರಲ್ಲಿ ಒಂದು ಕಾಯಿದೆಯಾಯಿತು. ಅದರ ಮೇರೆಗೆ ಕಮಲಾಪುರದ ಕೆಂಪು ಬಾಳೆಗೂ, 2019ರಲ್ಲಿ ಕಲಬುರಗಿಯ ತೊಗರಿಬೇಳೆಗೂ ಭೌಗೋಳಿಕ ಸೂಚಿಕೆಯ ಮುದ್ರೆ ದೊರೆಯಿತು. ಬೇರೆ ಊರಿನ ಹಣ್ಣು ಕಮಲಾಪುರದ ಹೆಸರನ್ನು ಹೇಳಿಕೊಳ್ಳುವಂತಿಲ್ಲ. ಅಂತೂ ಬಾಳೆಹಣ್ಣಿಗೆ ತನ್ನ ಊರಿನ ಹಕ್ಕು ಎಲ್ಲಿ ಹೋದರೂ ಬೆನ್ನಿಗಿರುವುದು. ಆ ತೋಟದಲ್ಲಿ ದುಡಿದವನು ಊರು ಬಿಟ್ಟು ಹೋದಾಗ ಅವನ ಬೆನ್ನಿಗೆ ಏನಿರುವುದೆಂದು ಈಗ ನೋಡೋಣ.

ಹೋಗುವವರಲ್ಲಿ ಎರಡು ಬಗೆ. ವಿಮಾನದಲ್ಲಿ ಹೋಗುವವರು, ಬಸ್ಸು ರೈಲುಗಳಲ್ಲಿ ಹೋಗುವವರು.

ಮೊದಲನೆಯ ಬಗೆಯವರಿಂದ ನಮ್ಮ ಜಿಲ್ಲೆಗೆ ಕೀರ್ತಿ ಬಂದಿದೆ. ಇಲ್ಲಿಯವರೇ ಆದ ಡಾಕ್ಟರ ನೀರಜ ಪಾಟೀಲರು ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಲ್ಯಾಂಬೆತ್ ಭಾಗದ ಪುರಸಭೆಗೆ ಆರಿಸಿಬಂದು, 2010-11ರಲ್ಲಿ ಅದರ ಮೇಯರ ಪದವಿಯನ್ನಲಂಕರಿಸಿದರು. ಅವರ ಪ್ರಯತ್ನದಿಂದ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಿತು. 2015ನೆಯ ನವೆಂಬರ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ಆ ದೇಶದ ಕಾಯಿದೆಯಲ್ಲಿ ಒಂದು ವಿಶೇಷವುಂಟು. ಕಾಮನ್‌ವೆಲ್ತ್ ದೇಶಗಳ ಪೌರರು ಅಲ್ಲಿ ಸಕ್ರಮವಾಗಿ ವಾಸವಾಗಿದ್ದರೆ ಬ್ರಿಟಿಷ್ ಪೌರರಾಗದೆಯೂ ಅಲ್ಲಿಯ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಓಟು ಹಾಕಬಹುದು. ಕಲಬುರಗಿಯಿಂದ ಓದಲಿಕ್ಕೆ ಹೋದ ವಿದ್ಯಾರ್ಥಿಯೂ ಹಾಕಬಹುದು. ನಮ್ಮನ್ನು ಆಳಿದ ರಾಜ್ಯದ ನೆರಳಿನಲ್ಲಿ ಹುಟ್ಟಿದ ಈ ಹಕ್ಕು ಇಂದು ಹೀಗೆ ಫಲಿಸಿದೆ.

ಹೊರದೇಶದ ಪೌರತ್ವವನ್ನು ಪಡೆದವರ ಸ್ಥಿತಿ ಇನ್ನೊಂದು ತೆರನಾದುದು. ಸಂವಿಧಾನದ 9ನೆಯ ಅನುಚ್ಛೇದವೂ 1955ರ ಪೌರತ್ವದ ಕಾಯಿದೆಯೂ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಅದನ್ನು ತೆಗೆದುಕೊಂಡವನು ಇದನ್ನು ಬಿಟ್ಟಂತೆಯೇ. 2003 ಮತ್ತು 2005ರ ತಿದ್ದುಪಡಿಗಳಿಂದ ಇಂಥವರಿಗೆ ಸಾಗರೋತ್ತರ ಭಾರತೀಯ ಪೌರರೆಂಬ ಕಾರ್ಡು ಬಂದಿತು. ಹೆಸರಿನಲ್ಲಿ ಪೌರರೆಂದಿದ್ದರೂ ಅವರಿಗೆ ಓಟಿಲ್ಲ. ಬಂದು ಹೋಗಬಹುದು, ಇರಬಹುದು, ಮನೆ ಕೊಳ್ಳಬಹುದು. ಹೊಲವನ್ನು ಕೊಳ್ಳುವಂತಿಲ್ಲ, ತಂದೆಯಿಂದ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯು ಮಠಗಳಿಗೇ ಸಂಬಂಧಿಸಿದುದು. ಅಮೆರಿಕೆಯಲ್ಲಿರುವ ನಮ್ಮ ಇಬ್ಬರು ಮಕ್ಕಳು ಮಠದ ದಾಸೋಹಕ್ಕೆ ತಮ್ಮ ಗಳಿಕೆಯಿಂದ ಕಾಣಿಕೆಯನ್ನು ಕಳುಹುವರೆನ್ನೋಣ. ಒಬ್ಬನ ಕೈಯಲ್ಲಿ ಇನ್ನೂ ಭಾರತದ ಪಾಸಪೋರ್ಟಿದೆ. ಅವನದು ಸ್ವದೇಶೀ ಕಾಣಿಕೆ. ಮತ್ತೊಬ್ಬನು ಅಲ್ಲಿಯ ಪೌರನಾಗಿದ್ದಾನೆ. 2010ರ ಕಾಯಿದೆಯಂತೆ ಅವನದು ವಿದೇಶೀ ದೇಣಿಗೆ, ಸರಕಾರದ ಅನುಮತಿಯಿಲ್ಲದೆ ಮಠವು ಅದನ್ನು ಮುಟ್ಟಲಾಗದು. ಒಂದೇ ತೊಟ್ಟಿಲಲ್ಲಿ ಬೆಳೆದವರು, ಒಂದೇ ವಿಭೂತಿ ಧರಿಸುವವರು. ಭಕ್ತಿಯಲ್ಲಿ ಭೇದವಿಲ್ಲ, ರಶೀದಿಯಲ್ಲಿ ಭೇದವುಂಟು. ಕಾಯಿದೆಯನ್ನು ನಾನು ಆಕ್ಷೇಪಿಸುತ್ತಿಲ್ಲ. ರಾಜ್ಯಕ್ಕೆ ತನ್ನ ಎಚ್ಚರವಿರಬೇಕಾದುದೇ. ಪೌರತ್ವವೆಂಬುದು ಹೇಗೆ ಚೂರುಚೂರಾಗಿ, ವಾಸವೊಂದು ಕಡೆಗೆ, ಆಸ್ತಿಯೊಂದು ಕಡೆಗೆ, ಓಟೊಂದು ಕಡೆಗೆ, ಮನಸ್ಸೊಂದು ಕಡೆಗೆ ಹಂಚಿಹೋಗುತ್ತಿದೆ ಎಂಬುದನ್ನು ತೋರಿಸಲಿಕ್ಕೆ ಮಾತ್ರ ಇಷ್ಟು ಹೇಳಿದೆನು.

ಎರಡನೆಯ ಬಗೆಯವರು ನಮ್ಮ ತಾಂಡಾಗಳಿಂದ, ಕೇರಿಗಳಿಂದ, ಮಳೆ ನೆಚ್ಚಿದ ಸಣ್ಣ ಹೊಲಗಳಿಂದ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗಾರೆಕೆಲಸಕ್ಕೆ ಹೋಗುವವರು. ಇವರ ಪೌರತ್ವವನ್ನು ಯಾರೂ ಕಸಿದುಕೊಂಡಿಲ್ಲ. ಭಾರತದ ಯಾವ ಭಾಗದಲ್ಲಿಯಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು 19ನೆಯ ಅನುಚ್ಛೇದವು ಇವರಿಗೆ ಕೊಟ್ಟಿದೆ. ಆದರೆ ಕಟ್ಟಡದ ಬಳಿಯ ತಗಡಿನ ಶೆಡ್ಡಿನಲ್ಲಿ ಇರುವವನಿಗೆ ವಾಸದ ದಾಖಲೆಯನ್ನು ಯಾರು ಕೊಡುವರು? ಓಟು ಊರಿನಲ್ಲಿಯೇ ಉಳಿಯುವುದು. ಚುನಾವಣೆಯ ದಿನ ಕೂಲಿಯನ್ನೂ ಬಿಟ್ಟು, ಬಸ್ಸಿನ ಖರ್ಚನ್ನೂ ಹೊತ್ತು ಬಂದರೆ ಉಂಟು, ಇಲ್ಲವಾದರೆ ಇಲ್ಲ. ಮಕ್ಕಳ ಶಾಲೆ ನಡುವೆಯೇ ಮುರಿಯುವುದು. ಪಡಿತರ ಮಾತ್ರ ಈಚೆಗೆ ಅವರ ಬೆನ್ನ ಹಿಂದೆ ಬರತೊಡಗಿದೆ. 2019ರಲ್ಲಿ ಆರಂಭವಾದ ಒಂದು ದೇಶ ಒಂದು ಪಡಿತರ ಚೀಟಿಯ ಯೋಜನೆಯು 2022ರ ಹೊತ್ತಿಗೆ ಎಲ್ಲ ರಾಜ್ಯಗಳನ್ನೂ ಮುಟ್ಟಿತು. ಇದು ಸಣ್ಣ ಸಂಗತಿಯಲ್ಲ. ಬೇರೆ ಊರಿನಲ್ಲಿ ಇದ್ದುಕೊಂಡೇ ತನ್ನ ಕ್ಷೇತ್ರದ ಓಟು ಹಾಕಬಲ್ಲ ಯಂತ್ರವನ್ನು ಚುನಾವಣಾ ಆಯೋಗವು 2022ರ ಕೊನೆಗೆ ಸೂಚಿಸಿತು. ರಾಜಕೀಯ ಪಕ್ಷಗಳ ಒಪ್ಪಿಗೆ ಅದಕ್ಕೆ ದೊರೆಯಲಿಲ್ಲ.

ನನ್ನ ಮಾತಿನ ತಿರುಳು ಇಲ್ಲಿದೆ. ಕಲಬುರಗಿಯ ವಿದ್ಯಾರ್ಥಿಯು ಲಂಡನ್ನಿನಲ್ಲಿದ್ದು ಪರದೇಶದ ಪಾರ್ಲಿಮೆಂಟಿಗೆ ಓಟು ಹಾಕಬಲ್ಲನು. ಅದೇ ಊರಿನ ಕೂಲಿಕಾರನು ಮುಂಬಯಿಯಲ್ಲಿದ್ದು ಸ್ವದೇಶದ ಪಾರ್ಲಿಮೆಂಟಿಗೆ ಓಟು ಹಾಕುವುದು ಕಷ್ಟಸಾಧ್ಯ. ಜಾಗತೀಕರಣವು ಪೌರತ್ವವನ್ನು ಹಿಗ್ಗಿಸಿದೆಯೋ ಕುಗ್ಗಿಸಿದೆಯೋ ಎಂದು ಪಂಡಿತರು ಚರ್ಚಿಸುವರು. ಒಬ್ಬನಿಗೆ ಹಿಗ್ಗಿದೆ, ಒಬ್ಬನಿಗೆ ಕುಗ್ಗಿದೆ. ಹಿಗ್ಗಿದವನನ್ನು ಕಂಡು ನಾವು ಸನ್ಮಾನದ ಶಾಲು ಹೊದಿಸುತ್ತೇವೆ. ಕುಗ್ಗಿದವನು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕಂಡದ್ದು ಒಂದೇ ಒಂದು ಸಲ.

ಅದು 2020. ಆ ಮಾರ್ಚಿ ತಿಂಗಳಲ್ಲಿ ಭಾರತದಲ್ಲಿ ಕೊರೊನಾ ಬೇನೆಯ ಮೊದಲ ಸಾವು ಸಂಭವಿಸಿದುದು ಕಲಬುರಗಿಯವರೊಬ್ಬರದೇ. ಅವರು ಅರಬಸ್ಥಾನದಿಂದ ಮರಳಿ ಬಂದಿದ್ದರು. ಮಾರ್ಚಿ 25ರಿಂದ ದೇಶವೇ ಬಾಗಿಲಿಕ್ಕಿಕೊಂಡಿತು. ಮೇ 7ರಿಂದ ಪರದೇಶಗಳಲ್ಲಿದ್ದವರನ್ನು ಕರೆತರಲು ಸರಕಾರದ ವಿಮಾನಗಳು ಹಾರತೊಡಗಿದವು. ತರಬೇಕಾದುದೇ, ಅವರೂ ನಮ್ಮವರು. ಆದರೆ ಅದೇ ಮೇ ತಿಂಗಳ 18ರಂದು ಮಹಾರಾಷ್ಟ್ರವೇ ಮೊದಲಾದ ನಾಲ್ಕು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯ ವರೆಗೆ ಒಳಗೆ ಬಿಡಕೂಡದೆಂದು ನಮ್ಮ ರಾಜ್ಯದಲ್ಲಿ ನಿರ್ಣಯವಾಯಿತು. ರೋಗದ ಭಯವು ನಿಜವಾದುದೇ. ಆದರೂ ಮುಂಬಯಿಯ ಕಟ್ಟಡಗಳನ್ನು ಕಟ್ಟಿದ ನಮ್ಮ ಜನರು, ತಮ್ಮ ದೇಶದಲ್ಲಿಯೇ, ತಮ್ಮ ರಾಜ್ಯದ ಗಡಿಯಲ್ಲಿಯೇ, ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ತಾವು ಯಾವ ಊರಿನವರೆಂಬುದನ್ನು ರುಜುವಾತು ಮಾಡಬೇಕಾಯಿತು. ಒಳಗೆ ಬಂದವರನ್ನು ಶಾಲೆಗಳಲ್ಲಿ ಬೇರೆಯಾಗಿ ಇರಿಸಿದರು. ಕೆಲವು ಹಳ್ಳಿಗಳಲ್ಲಿ ಊರವರೇ ದಾರಿಗೆ ಮುಳ್ಳು ಹಚ್ಚಿದರು. ಹಬ್ಬಕ್ಕೆ ಬಂದರೆ ಮುಂಬಯಿಯವರು ಬಂದರೆಂದು ಎದುರುಗೊಳ್ಳುತ್ತಿದ್ದವರೇ ಆಗ ಅವರ ಮುಖ ನೋಡಲಿಲ್ಲ. ಪೌರತ್ವವೆಂಬುದು ಕಾಗದದಲ್ಲಿ ಮಾತ್ರವಲ್ಲದೆ ನೆರೆಯವನ ಮನಸ್ಸಿನಲ್ಲಿಯೂ ಇರಬೇಕಾದ ವಸ್ತುವೆಂದು ಆ ತಿಂಗಳು ತಿಳಿಯಿತು.

ನಮ್ಮ ಪರಂಪರೆಯು ಈ ವಿಷಯದಲ್ಲಿ ಮೂಕವಾಗಿಲ್ಲ. ಕಲ್ಯಾಣವು ಇಲ್ಲಿಂದ ದೂರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನೆರೆದ ಶರಣರಲ್ಲಿ ಎಷ್ಟೋ ಜನ ಪರಸ್ಥಳದವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೂ, ಆದಯ್ಯನವರು ಸೌರಾಷ್ಟ್ರದಿಂದಲೂ ಬಂದವರೆಂದು ಪರಂಪರೆಯು ಹೇಳುತ್ತದೆ. ಮಾರಯ್ಯನವರ ಕಾಯಕವು ಕಟ್ಟಿಗೆಯ ಹೊರೆಯನ್ನು ಮಾರುವುದು. ಅವರನ್ನು ಅನುಭವಗೋಷ್ಠಿಗೆ ಸೇರಿಸಿಕೊಳ್ಳುವಾಗ ನೀವು ಎಷ್ಟು ವರ್ಷದಿಂದ ಇಲ್ಲಿರುವಿರಿ ಎಂದು ಕೇಳಿದ ಪ್ರಸಂಗವು ಎಲ್ಲಿಯೂ ಕಾಣದು. ದುಡಿದು ಹಂಚಿಕೊಳ್ಳುವವನಾದರೆ ಸಾಕಾಗಿತ್ತು. ರಾಜ್ಯವೊಂದು ಇಷ್ಟರ ಮೇಲೆಯೇ ನಡೆಯಲಾರದೆಂಬುದನ್ನು ಬಲ್ಲೆನು. ಅದಕ್ಕೆ ಪಟ್ಟಿ ಬೇಕು, ಚೀಟಿ ಬೇಕು, ಗಡಿ ಬೇಕು. ಆದರೆ ನಮ್ಮಲ್ಲಿಗೂ ಬಿಹಾರ, ಒರಿಸ್ಸಾಗಳಿಂದ ಕೂಲಿಕಾರರು ಬರತೊಡಗಿರುವ ಈ ಹೊತ್ತಿನಲ್ಲಿ, ಮುಂಬಯಿಯಲ್ಲಿ ನಮ್ಮವರಿಗೆ ಏನು ದೊರೆಯಬೇಕೆಂದು ಬಯಸುವೆವೋ ಅದನ್ನು ಇಲ್ಲಿ ಅವರಿಗೆ ಕೊಡುತ್ತಿರುವೆವೋ ಎಂದು ಕೇಳಿಕೊಳ್ಳುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ.

ಈ ಮಹೋತ್ಸವದ ನೆನಪಿಗೆ ಏನಾದರೂ ಮಾಡಬೇಕೆಂದು ಭಕ್ತಮಂಡಳಿಯು ಆಲೋಚಿಸುತ್ತಿದೆ ಎಂದು ಕೇಳಿದ್ದೇನೆ. ಕಟ್ಟಡಗಳಾಗಲಿ, ಬೇಡವೆನ್ನಲಾರೆ. ಅದರೊಡನೆ ಒಂದು ಕೆಲಸವನ್ನು ಶ್ರೀಗಳವರ ಪಾದದಲ್ಲಿ ಅರಿಕೆ ಮಾಡಿಕೊಳ್ಳುವೆನು. ಸುಗ್ಗಿ ತೀರಿದ ಮೇಲೆ ಜನರು ಊರು ಬಿಡುವರಷ್ಟೆ. ಅದಕ್ಕೂ ಮೊದಲು ಮಠದ ಕಟ್ಟೆಯಲ್ಲಿ ಓದು ಬರಹ ಬಲ್ಲ ಇಬ್ಬರು ಹುಡುಗರನ್ನು ಒಂದು ವಾರ ಕೂಡಿಸಬೇಕು. ಯಾವ ಜಾತಿ ಯಾವ ಮತವೆಂದು ನೋಡದೆ, ಹೋಗುವವರ ಹೆಸರನ್ನೂ ಹೋಗುವ ಊರನ್ನೂ ಬರೆದಿಡಬೇಕು. ಮತದಾರರ ಪಟ್ಟಿಯಲ್ಲಿ ಅವರ ಹೆಸರಿದೆಯೋ ಇಲ್ಲವೋ ನೋಡಬೇಕು, ಪಡಿತರ ಚೀಟಿಯನ್ನು ಪರ ಊರಿನಲ್ಲಿ ಬಳಸುವ ಬಗೆಯನ್ನು ತಿಳಿಸಿ ಹೇಳಬೇಕು, ಮಕ್ಕಳಿಗೆ ಶಾಲೆಯ ವರ್ಗಾವಣೆಯ ಪತ್ರವನ್ನು ತೆಗೆಸಿಕೊಡಬೇಕು. ತಾಯಿತಂದೆಯರೊಡನೆ ಹೋಗಲೊಲ್ಲದ ಮಕ್ಕಳಿಗೆ ಮಠದ ಪ್ರಸಾದ ನಿಲಯದಲ್ಲಿ ಎಡೆಯಿದ್ದರೆ ಇನ್ನೂ ಲೇಸು. ಇದಕ್ಕೆ ತಗಲುವ ಖರ್ಚು ಒಂದು ಮಂಟಪದ ಶೃಂಗಾರಕ್ಕಿಂತ ಹೆಚ್ಚಾಗದು. ಪರದೇಶದಲ್ಲಿರುವ ನಮ್ಮ ಮಕ್ಕಳು ಅದಕ್ಕೆ ನೆರವಾಗಬಯಸಿದರೆ, ಯಾರ ಕಾಣಿಕೆಯು ಯಾವ ರಶೀದಿಗೆ ಬರುವುದೆಂಬುದನ್ನು ಕಾರ್ಯದರ್ಶಿಗಳು ಮೊದಲೇ ವಿಚಾರಿಸಿಕೊಂಡರೆ ಒಳ್ಳೆಯದು.